ಸಾವಿರ ಫೈಲುಗಳಿಗೆ ಒಂದೇ ಸಲ ಹೆಸರಿಡುವಾಗ

ಮದುವೆ ಮುಗಿದ ಮೇಲೆ ಸ್ಟುಡಿಯೋದವರು ಕೊಡುವ ಪೆನ್‌ಡ್ರೈವ್ ತೆರೆದು ನೋಡಿ. ಸಾವಿರಾರು ಫೋಟೋಗಳಿರುತ್ತವೆ, ಎಲ್ಲದರ ಹೆಸರೂ ‘ಡಿಎಸ್‌ಸಿ’ ಅಥವಾ ‘ಐಎಂಜಿ’ ಎಂದು ಶುರುವಾಗಿ ನಾಲ್ಕು ಅಂಕಿಗಳಲ್ಲಿ ಮುಗಿಯುತ್ತದೆ. ದೇವರ ಸಮಾರಾಧನೆ ಯಾವುದು, ಧಾರೆ ಯಾವುದು, ಆರತಕ್ಷತೆ ಯಾವುದು ಎಂದು ಹೆಸರು ನೋಡಿ ಹೇಳುವಂತಿಲ್ಲ. ಫೋಟೋ ತೆಗೆದವರು ಇಬ್ಬರಾದರೆ ಎರಡೂ ಕ್ಯಾಮೆರಾಗಳಲ್ಲಿ 0412 ಸಂಖ್ಯೆಯ ಚಿತ್ರ ಇರುತ್ತದೆ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಇಡಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಅವಸರದಲ್ಲಿ ‘ಹೌದು’ ಒತ್ತಿದರೆ ತಾಳಿ ಕಟ್ಟುವ ಹೊತ್ತಿನ ಚಿತ್ರವೇ ಹೋಗಿಬಿಡಬಹುದು.

ಕ್ಯಾಮೆರಾಗಳು ಹೀಗೆ ಹೆಸರಿಡುವುದಕ್ಕೆ ಕಾರಣವಿದೆ. ಯಾವ ಕಂಪನಿಯ ಕ್ಯಾಮೆರಾದ ಕಾರ್ಡನ್ನು ಎಲ್ಲಿ ಹಾಕಿದರೂ ಚಿತ್ರ ಕಾಣಬೇಕು ಎಂದು 1998ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದವರು ‘ಡಿಸಿಎಫ್’ ಎಂಬ ನಿಯಮ ರೂಪಿಸಿದರು. ಹಳೆಯ ಡಾಸ್ ಕಾಲದ ಎಂಟಕ್ಷರದ ಮಿತಿಯನ್ನೇ ಅದು ಉಳಿಸಿಕೊಂಡಿತು. ಮೊದಲ ನಾಲ್ಕು ಅಕ್ಷರ ಕಂಪನಿಯ ಇಷ್ಟ, ಮುಂದಿನ ನಾಲ್ಕು ಅಂಕಿ 0001ರಿಂದ 9999ರವರೆಗೆ. ಅಲ್ಲಿಗೆ ಮುಟ್ಟಿದ ಮೇಲೆ ಎಣಿಕೆ ಮತ್ತೆ ಒಂದಕ್ಕೆ ಬರುತ್ತದೆ. ಎರಡು ಮೂರು ವರ್ಷ ಒಂದೇ ಕ್ಯಾಮೆರಾ ಬಳಸಿದವರ ಬಳಿ ಒಂದೇ ಹೆಸರಿನ ಬೇರೆ ಬೇರೆ ಚಿತ್ರಗಳು ಇರುವುದು ಸಹಜ. ಆದ್ದರಿಂದ ಹೆಸರು ಬದಲಿಸುವುದು ಬರೀ ಅಚ್ಚುಕಟ್ಟಿನ ವಿಷಯವಲ್ಲ, ಚಿತ್ರಗಳನ್ನು ಉಳಿಸಿಕೊಳ್ಳುವ ವಿಷಯ.

ಫೋಟೋ ಮಾತ್ರವಲ್ಲ. ಸ್ಕ್ಯಾನ್ ಮಾಡಿದ ಆಸ್ತಿಪತ್ರ, ಯಕ್ಷಗಾನದ ಧ್ವನಿಮುದ್ರಿಕೆ, ಶಾಲೆಯ ಮಕ್ಕಳ ಭಾವಚಿತ್ರ, ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಹಳೆಯ ಕನ್ನಡ ಪುಸ್ತಕ, ಎಲ್ಲದರದ್ದೂ ಇದೇ ಕಥೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಪುಸ್ತಕಗಳ ಫೈಲಿನ ಹೆಸರು 2015 ಎಂದು ಶುರುವಾಗಿ, ಉದ್ದನೆಯ ಸಂಖ್ಯೆ ಸೇರಿಸಿಕೊಂಡು, ಕೊನೆಗೆ ಅಂಕುಡೊಂಕಾದ ಇಂಗ್ಲಿಷ್ ಲಿಪಿಯಲ್ಲಿ ಪುಸ್ತಕದ ಹೆಸರು ಹೇಳುತ್ತದೆ. ಐವತ್ತು ಪುಸ್ತಕ ಇಳಿಸಿಕೊಂಡವರಿಗೆ ಬೇಕಾದ್ದನ್ನು ಹುಡುಕುವುದೇ ಒಂದು ಕೆಲಸ.

ಇಂಥ ಕಡೆ ಒಂದೊಂದನ್ನೇ ಕೈಯಿಂದ ತಿದ್ದುವವರೇ ಹೆಚ್ಚು. ಆ ಶ್ರಮ ಬೇಕಿಲ್ಲ. ಸಾಮೂಹಿಕವಾಗಿ ಹೆಸರು ಬದಲಿಸುವ ತಂತ್ರಾಂಶಗಳು ಹತ್ತಾರಿವೆ, ಒಳ್ಳೆಯವುಗಳಲ್ಲಿ ಹಲವು ಉಚಿತ. ಆದರೆ ಆಯ್ಕೆ ಮಾಡುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಇದರಲ್ಲಿ ಏನೇನು ಸೌಲಭ್ಯ ಇದೆ?’ ಎಂಬುದು. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ: ಬದಲಿಸುವ ಮುಂಚೆ ಹೊಸ ಹೆಸರುಗಳನ್ನು ಪೂರ್ತಿ ತೋರಿಸುತ್ತದೆಯೇ? ಎರಡು ಫೈಲಿಗೆ ಒಂದೇ ಹೆಸರು ಬಂದರೆ ತಡೆಯುತ್ತದೆಯೇ? ಆದದ್ದನ್ನು ಹಿಂದಕ್ಕೆ ತರುತ್ತದೆಯೇ? ನಾವು ಕನ್ನಡದವರು ಸೇರಿಸಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಕನ್ನಡ ಅಕ್ಷರದ ಜೊತೆ ಅದು ಹೇಗೆ ನಡೆದುಕೊಳ್ಳುತ್ತದೆ?

ಮುಂಚೆ ತೋರಿಸುವುದು, ಹಿಂದಕ್ಕೆ ತರುವುದು ಯಾಕೆ ಮುಖ್ಯ ಎಂದು ತಿಳಿಯಲು ಹೆಸರು ಎಲ್ಲಿರುತ್ತದೆ ಎಂಬುದನ್ನು ತಿಳಿಯಬೇಕು. ಫೈಲಿನ ಹೆಸರು ಫೈಲಿನ ಒಳಗೆ ಇರುವುದಿಲ್ಲ. ಡಿಸ್ಕಿನಲ್ಲಿ ಫೋಲ್ಡರಿಗೆ ಸೇರಿದ ಒಂದು ಪಟ್ಟಿ ಇರುತ್ತದೆ, ಹೆಸರು ಇರುವುದು ಅಲ್ಲಿ. ಹೆಸರು ಬದಲಿಸುವುದೆಂದರೆ ಅಡುಗೆಮನೆಯ ಡಬ್ಬಿಯ ಮೇಲಿನ ಚೀಟಿ ಬದಲಿಸಿದ ಹಾಗೆ, ಒಳಗಿನ ಬೇಳೆಯನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿಯೇ ಎರಡು ಜಿಬಿಯ ವಿಡಿಯೋ ಆದರೂ ಹೆಸರು ಕ್ಷಣದಲ್ಲಿ ಬದಲಾಗುತ್ತದೆ, ಚಿತ್ರದ ಗುಣಮಟ್ಟ ಕೂದಲೆಳೆಯಷ್ಟೂ ಕುಂದುವುದಿಲ್ಲ. ಆದರೆ ಈ ವೇಗವೇ ಅಪಾಯವೂ ಹೌದು. ನಾಲ್ಕು ಸಾವಿರ ಹೆಸರು ತಪ್ಪಾಗಲು ಬೇಕಾಗುವುದು ಕೆಲವೇ ಸೆಕೆಂಡು, ಮತ್ತು ಹಳೆಯ ಹೆಸರು ಏನಿತ್ತು ಎಂಬುದು ಬೇರೆಲ್ಲೂ ಬರೆದಿರುವುದಿಲ್ಲ.

ಹೊಸ ತಂತ್ರಾಂಶ ಹುಡುಕುವ ಮುನ್ನ ಕಂಪ್ಯೂಟರಿನಲ್ಲಿ ಈಗಾಗಲೇ ಇರುವುದನ್ನು ನೋಡೋಣ. ವಿಂಡೋಸಿನಲ್ಲಿ ಬೇಕಾದ ಫೈಲುಗಳನ್ನೆಲ್ಲ ಆರಿಸಿ ಎಫ್2 ಒತ್ತಿ ‘ಧಾರೆ’ ಎಂದು ಬರೆದರೆ ‘ಧಾರೆ (1)’, ‘ಧಾರೆ (2)’ ಎಂದು ಸಾಲಾಗಿ ಹೆಸರು ಬೀಳುತ್ತದೆ. ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಹಿಂದಕ್ಕೂ ಬರುತ್ತದೆ. ಮನೆಯ ಮಟ್ಟಿಗೆ ಎಷ್ಟೋ ಸಲ ಇಷ್ಟೇ ಸಾಕು. ಆದರೆ ಹಳೆಯ ಹೆಸರಿನ ಒಂದು ಭಾಗವನ್ನು ಮಾತ್ರ ಬದಲಿಸಲು ಬರುವುದಿಲ್ಲ, ಸಂಖ್ಯೆಯ ಮುಂದೆ ಸೊನ್ನೆ ಸೇರಿಸಲು ಬರುವುದಿಲ್ಲ. ಸೊನ್ನೆ ಇಲ್ಲದಿದ್ದರೆ ಕೆಲವು ಟಿವಿಗಳಲ್ಲಿ, ಕಾರಿನ ಮ್ಯೂಸಿಕ್ ಪ್ಲೇಯರಿನಲ್ಲಿ 1 ಆದ ಮೇಲೆ 10, 11 ಬಂದು ಆಮೇಲೆ 2 ಬರುತ್ತದೆ. ಹರಿಕಥೆಯ ಭಾಗಗಳು ಹಿಂದುಮುಂದಾಗುವುದು ಇದರಿಂದಲೇ. 0001 ಎಂದು ಬರೆಯುವ ಅಭ್ಯಾಸ ಇದಕ್ಕೆ ಪರಿಹಾರ.

ಮ್ಯಾಕ್ ಬಳಸುವವರಿಗೆ 2014ರ ಯೋಸೆಮಿಟಿ ಆವೃತ್ತಿಯಿಂದಲೂ ಫೈಂಡರ್‌ನಲ್ಲೇ ಈ ಸೌಲಭ್ಯವಿದೆ. ಪದ ಬದಲಿಸಬಹುದು, ಸೇರಿಸಬಹುದು, ಸಂಖ್ಯೆಯ ಕ್ರಮದಲ್ಲಿ ಇಡಬಹುದು. ಲಿನಕ್ಸ್‌ನಲ್ಲಿ ಥೂನಾರ್, ಕೆರಿನೇಮ್ ಇವೆ. ಆಜ್ಞೆ ಬರೆದು ಕೆಲಸ ಮಾಡುವವರು ಒಂದು ವಿಷಯ ಗಮನಿಸಬೇಕು: ಉಬುಂಟುವಿನಲ್ಲಿ ಸಿಗುವ ‘ರಿನೇಮ್’ ಮತ್ತು ಫೆಡೋರಾದ ‘ರಿನೇಮ್’ ಒಂದೇ ಹೆಸರಿನ ಎರಡು ಬೇರೆ ತಂತ್ರಾಂಶಗಳು, ಬರೆಯುವ ರೀತಿಯೂ ಬೇರೆ. ಒಂದಕ್ಕೆ ಬರೆದ ಆಜ್ಞೆಯನ್ನು ಇನ್ನೊಂದಕ್ಕೆ ಕೊಡಬಾರದು.

ವಿಂಡೋಸ್ 10 ಅಥವಾ 11 ಇರುವವರಿಗೆ ನನ್ನ ಮೊದಲ ಸಲಹೆ ಮೈಕ್ರೋಸಾಫ್ಟಿನದೇ ಪವರ್‌ಟಾಯ್ಸ್, ಅದರಲ್ಲಿರುವ ಪವರ್‌ರಿನೇಮ್. ಇದು ಮುಕ್ತ ತಂತ್ರಾಂಶ, ಮನೆಯಲ್ಲೂ ಕಚೇರಿಯಲ್ಲೂ ಉಚಿತ. ಫೈಲುಗಳನ್ನು ಆರಿಸಿ ಮೌಸಿನ ಬಲಗುಂಡಿ ಒತ್ತಿದರೆ ಸಿಗುತ್ತದೆ. ಒಂದು ಕಡೆ ಹಳೆಯ ಹೆಸರು, ಪಕ್ಕದಲ್ಲಿ ಹೊಸ ಹೆಸರು ಕಾಣುತ್ತದೆ. ನೀವು ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಬರೆದಂತೆಲ್ಲ ಪಟ್ಟಿ ಬದಲಾಗುತ್ತದೆ. ಬೇಡವಾದ ಫೈಲಿನ ಮುಂದಿನ ಗುರುತು ತೆಗೆದುಬಿಡಬಹುದು, ಮಾಡಿದ್ದನ್ನು ಹಿಂದಕ್ಕೂ ತರಬಹುದು.

ಇದಕ್ಕಿಂತ ಹೆಚ್ಚು ಬೇಕಾದವರು ಬಲ್ಕ್ ರಿನೇಮ್ ಯುಟಿಲಿಟಿಯ ಕಡೆ ಹೋಗುತ್ತಾರೆ. ಮೊದಲ ಸಲ ತೆರೆದವರು ಗಾಬರಿಯಾಗುತ್ತಾರೆ, ಒಂದೇ ಕಿಟಕಿಯಲ್ಲಿ ಅಷ್ಟು ಪೆಟ್ಟಿಗೆಗಳು. ಆದರೆ ಪ್ರತಿ ಪೆಟ್ಟಿಗೆಗೂ ಒಂದು ಸಂಖ್ಯೆ ಇದೆ, ಒಂದೊಂದೂ ಒಂದೊಂದು ಕೆಲಸಕ್ಕೆ. ಎಲ್ಲ ಕಲಿಯಬೇಕಿಲ್ಲ, ಬೇಕಾದ ಎರಡು ಮೂರು ಪೆಟ್ಟಿಗೆ ಗುರುತಿಟ್ಟುಕೊಂಡರೆ ಸಾಕು. ಅಡ್ವಾನ್ಸ್ಡ್ ರಿನೇಮರ್ ಇನ್ನೊಂದು ಬಗೆ: ಮೊದಲು ಇದನ್ನು ತೆಗೆ, ಆಮೇಲೆ ಅದನ್ನು ಸೇರಿಸು, ಕೊನೆಗೆ ಸಂಖ್ಯೆ ಹಾಕು ಎಂದು ಹೆಜ್ಜೆಗಳನ್ನು ಒಂದರ ಕೆಳಗೊಂದು ಜೋಡಿಸಿ, ಆ ಜೋಡಣೆಯನ್ನೇ ಉಳಿಸಿಕೊಂಡು ಮುಂದಿನ ವಾರವೂ ಬಳಸಬಹುದು. ದಿನವೂ ಇದೇ ಕೆಲಸ ಇರುವವರಿಗೆ ಇದು ಸೂಕ್ತ. ಈ ಎರಡೂ ಸ್ವಂತ ಬಳಕೆಗೆ ಮಾತ್ರ ಉಚಿತ ಎಂಬುದನ್ನು ಮರೆಯಬಾರದು. ಸ್ಟುಡಿಯೋ, ಡಿಟಿಪಿ ಸೆಂಟರ್, ಮುದ್ರಣಾಲಯಗಳಲ್ಲಿ ಬಳಸುವುದಾದರೆ ಪರವಾನಗಿ ಕೊಳ್ಳಬೇಕು. ತಂತ್ರಾಂಶ ಬರೆದವರ ದುಡಿಮೆಗೆ ಬೆಲೆ ಕೊಡುವುದು ನ್ಯಾಯ. ಹಣ ಕೊಡಲಾಗದ ಸಣ್ಣ ಅಂಗಡಿಯವರಿಗೆ ಪವರ್‌ರಿನೇಮ್ ಮತ್ತು ಮುಕ್ತ ತಂತ್ರಾಂಶವಾದ ಆ್ಯಂಟ್ ರಿನೇಮರ್ ಇದ್ದೇ ಇವೆ.

ಇನ್ನು ದಿನಾಂಕದ ವಿಷಯ. ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಅಕ್ಷರ ಕ್ರಮವೂ ಕಾಲಕ್ರಮವೂ ಒಂದೇ ಆಗುತ್ತದೆ. 1988ರಲ್ಲಿ ಬಂದ ಐಎಸ್‌ಒ 8601 ಮಾನದಂಡ ಹೇಳುವುದೂ ಇದನ್ನೇ. ನಾವು ರೂಢಿಯಲ್ಲಿ 18-02-2024 ಎಂದು ಬರೆಯುತ್ತೇವೆ. ಫೈಲಿಗೆ ಹಾಗೆ ಬರೆದರೆ ಎಲ್ಲ ತಿಂಗಳ 18ನೇ ತಾರೀಖುಗಳೂ ಒಂದೆಡೆ ಗುಂಪಾಗುತ್ತವೆ. ‘2024-02-18_ಧಾರೆ_0147’ ಎಂಬಂಥ ಹೆಸರು ಹತ್ತು ವರ್ಷ ಬಿಟ್ಟು ನೋಡಿದವರಿಗೂ ಅರ್ಥವಾಗುತ್ತದೆ.

ಆದರೆ ತಂತ್ರಾಂಶ ಆ ದಿನಾಂಕವನ್ನು ಎಲ್ಲಿಂದ ತರುತ್ತದೆ? ಇಲ್ಲಿ ಎಡವುವವರು ಬಹಳ. ವಿಂಡೋಸಿನಲ್ಲಿ ಫೈಲನ್ನು ಕಾರ್ಡಿನಿಂದ ಕಂಪ್ಯೂಟರಿಗೆ ನಕಲು ಮಾಡಿದಾಗ ‘ಸೃಷ್ಟಿಯಾದ ದಿನಾಂಕ’ ನಕಲು ಮಾಡಿದ ದಿನವಾಗಿಬಿಡುತ್ತದೆ. ‘ತಿದ್ದಿದ ದಿನಾಂಕ’ ಮಾತ್ರ ಹಳೆಯದೇ ಉಳಿಯುತ್ತದೆ. ಹುಟ್ಟುವ ಮೊದಲೇ ತಿದ್ದಲ್ಪಟ್ಟ ಫೈಲು ಎಂಬ ವಿಚಿತ್ರ ಕಾಣುವುದು ಇದಕ್ಕೇ. ಸೃಷ್ಟಿಯ ದಿನಾಂಕ ನಂಬಿ ಹೆಸರಿಟ್ಟರೆ ಐದು ವರ್ಷದ ಫೋಟೋಗಳಿಗೆಲ್ಲ ನೀವು ಹೊಸ ಕಂಪ್ಯೂಟರ್ ತಂದ ದಿನದ ಹೆಸರು ಬರುತ್ತದೆ. ಚಿತ್ರ ತೆಗೆದ ನಿಜವಾದ ಸಮಯ ಚಿತ್ರದ ಒಳಗೇ ‘ಎಕ್ಸಿಫ್’ ಎಂಬ ಮಾಹಿತಿಯಲ್ಲಿ ಇರುತ್ತದೆ. ಅದನ್ನು ಓದಬಲ್ಲ ತಂತ್ರಾಂಶವೇ ಫೋಟೋಗಳಿಗೆ ತಕ್ಕದ್ದು. ಬಲ್ಕ್ ರಿನೇಮ್ ಯುಟಿಲಿಟಿ, ಅಡ್ವಾನ್ಸ್ಡ್ ರಿನೇಮರ್ ಎರಡೂ ಓದುತ್ತವೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ನಂಬಿಕಸ್ಥ ಎಂದರೆ ಕೆನಡಾದ ಫಿಲ್ ಹಾರ್ವೆ 2003ರಿಂದ ಬೆಳೆಸಿಕೊಂಡು ಬಂದಿರುವ ಎಕ್ಸಿಫ್‌ಟೂಲ್. ಆಜ್ಞೆ ಬರೆದು ಬಳಸಬೇಕು, ಕಲಿಯಲು ತಾಳ್ಮೆ ಬೇಕು. ಆದರೆ ಆಗಲೇ ಇರುವ ಹೆಸರಿನ ಮೇಲೆ ಅದು ಬರೆಯುವುದಿಲ್ಲ, ಬದಲಿಸದೆ ಹೊಸ ಹೆಸರು ತೋರಿಸುವ ಪರೀಕ್ಷಾ ವಿಧಾನವೂ ಅದರಲ್ಲಿದೆ. ಎರಡು ಕ್ಯಾಮೆರಾಗಳ ಗಡಿಯಾರದಲ್ಲಿ ಏಳು ನಿಮಿಷ ವ್ಯತ್ಯಾಸ ಇದ್ದರೆ ಒಂದರ ಚಿತ್ರಗಳಿಗೆಲ್ಲ ಏಳು ನಿಮಿಷ ಕೂಡಿಸಿ ಸರಿಮಾಡಬಹುದು. ಹಾಗೆ ಮಾಡಿದ ಮೇಲೆ ಹೆಸರಿಟ್ಟರೆ ಎರಡೂ ಕ್ಯಾಮೆರಾಗಳ ಚಿತ್ರಗಳು ಒಂದೇ ಮದುವೆಯ ಒಂದೇ ಸಾಲಿನಲ್ಲಿ ಕೂರುತ್ತವೆ. ಆಲ್ಬಂ ವಿನ್ಯಾಸ ಮಾಡುವವರಿಗೆ ಇದರಿಂದ ಉಳಿಯುವ ಶ್ರಮ ಸಣ್ಣದಲ್ಲ.

ಇಲ್ಲೂ ನಮ್ಮ ದೇಶದವರಿಗೆ ಒಂದು ತೊಡಕಿದೆ. ಫೋನಿನಲ್ಲಿ ತೆಗೆದ ವಿಡಿಯೋದ ಒಳಗಿನ ಸಮಯ ಸಾಮಾನ್ಯವಾಗಿ ಗ್ರೀನಿಚ್ ಸಮಯಕ್ಕೆ ಹೊಂದುವ ಯುಟಿಸಿಯಲ್ಲಿ ಇರುತ್ತದೆ, ಫೋಟೋದ್ದು ಮಾತ್ರ ಸ್ಥಳೀಯ ಸಮಯ. ಹಾಗಾಗಿ ಒಂದೇ ಗಳಿಗೆಯಲ್ಲಿ ತೆಗೆದ ಫೋಟೋಗೂ ವಿಡಿಯೋಗೂ ಐದೂವರೆ ಗಂಟೆಯ ಅಂತರ ಬರುತ್ತದೆ. ಗೂಗಲ್ ಪಿಕ್ಸೆಲ್ ಫೋನುಗಳು ಫೈಲಿನ ಹೆಸರನ್ನೇ ಯುಟಿಸಿಯಲ್ಲಿ ಇಡುತ್ತವೆ. ಬೆಳಗಿನ ಜಾವ ಐದು ಗಂಟೆಯ ಮುಹೂರ್ತದ ಚಿತ್ರಕ್ಕೆ ಹಿಂದಿನ ದಿನದ ತಾರೀಖು ಬಿದ್ದಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋಗಳಲ್ಲಂತೂ ಎಕ್ಸಿಫ್ ಇರುವುದೇ ಇಲ್ಲ, ದಾರಿಯಲ್ಲೇ ಕಳಚಿಹೋಗಿರುತ್ತದೆ. ಅವುಗಳ ಹೆಸರಿನಲ್ಲಿರುವ ದಿನಾಂಕ ಚಿತ್ರ ನಿಮಗೆ ಬಂದು ತಲುಪಿದ ದಿನದ್ದು. ಅಜ್ಜನ ಎಪ್ಪತ್ತರ ದಶಕದ ಚಿತ್ರವನ್ನು ಯಾರೋ ನಿನ್ನೆ ಕಳಿಸಿದರೆ ನಿನ್ನೆಯ ದಿನಾಂಕ. ಕುಟುಂಬದ ಮುಖ್ಯ ಚಿತ್ರಗಳನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಒಳಗಿನ ಮಾಹಿತಿ ಉಳಿಯುತ್ತದೆ.

ಹೆಸರು ಡಿಕ್ಕಿ ಹೊಡೆಯುವ ಪ್ರಶ್ನೆಗೆ ಬರೋಣ. ಕ್ಯಾಮೆರಾ ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಕಾಲ ಇದು. ಅಕ್ಷತೆ ಎರಚುವ ಹೊತ್ತಿನ ಹತ್ತು ಚಿತ್ರಗಳಿಗೂ ಸಮಯ ಒಂದೇ, ಸಮಯದಿಂದ ಹೆಸರಿಟ್ಟರೆ ಹೆಸರೂ ಒಂದೇ. ಒಳ್ಳೆಯ ತಂತ್ರಾಂಶ ಕೆಂಪು ಬಣ್ಣದಲ್ಲಿ ಎಚ್ಚರಿಸುತ್ತದೆ ಅಥವಾ ಕೊನೆಗೆ ಒಂದು ಸಂಖ್ಯೆ ಸೇರಿಸುತ್ತದೆ. ಲಿನಕ್ಸ್‌ನ ‘ಎಂವಿ’ ಆಜ್ಞೆಯನ್ನು ಯೋಚಿಸದೆ ಬಳಸಿದರೆ ಒಂದರ ಮೇಲೊಂದು ಬರೆದು ಕೊನೆಯ ಚಿತ್ರವನ್ನಷ್ಟೇ ಉಳಿಸುತ್ತದೆ. ಇನ್ನೊಂದು ಸೂಕ್ಷ್ಮ ಸಂದರ್ಭ ಪುಸ್ತಕ ಸ್ಕ್ಯಾನ್ ಮಾಡುವವರದ್ದು. ಇನ್ನೂರು ಪುಟ ಮುಗಿದ ಮೇಲೆ ಹನ್ನೆರಡನೆಯ ಪುಟ ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ. ಈಗ 12 ಅನ್ನು 13 ಮಾಡಬೇಕು, ಆದರೆ 13 ಆಗಲೇ ಇದೆ. ಜಾಣ ತಂತ್ರಾಂಶ ಎಲ್ಲಕ್ಕೂ ಮೊದಲು ತಾತ್ಕಾಲಿಕ ಹೆಸರು ಕೊಟ್ಟು, ಆಮೇಲೆ ಸರಿಯಾದ ಹೆಸರಿಗೆ ತರುತ್ತದೆ. ಅಷ್ಟು ಗೊತ್ತಿಲ್ಲದ್ದು ಅರ್ಧದಲ್ಲಿ ನಿಂತು ಕೆಲವಕ್ಕೆ ಹೊಸ ಹೆಸರು, ಕೆಲವಕ್ಕೆ ಹಳೆಯದು ಮಾಡಿಟ್ಟು ಹೋಗುತ್ತದೆ.

ನನಗೆ ಹೆಚ್ಚು ಹೇಳಬೇಕೆನಿಸುವುದು ಕನ್ನಡದ ಹೆಸರುಗಳ ಬಗ್ಗೆ. ನಮ್ಮಲ್ಲಿ ಫೈಲಿಗೆ ಇಂಗ್ಲಿಷಿನಲ್ಲೇ ಹೆಸರಿಡುವುದು ರೂಢಿಯಾಗಿದ್ದಕ್ಕೆ ಒಂದು ಕಾಲದ ಕಾರಣವಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಬದುಕಿದ್ದು ಫಾಂಟಿನ ಒಳಗೆ ಮಾತ್ರ. ಫೈಲುಗಳ ಪಟ್ಟಿಗೆ ಆ ಫಾಂಟ್ ತಿಳಿಯದು, ಅಲ್ಲಿ ಕನ್ನಡ ಬರೆದರೆ ಕಾಣುತ್ತಿದ್ದದ್ದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಆ ಕಾಲ ಹೋಯಿತು. ಈಗ ಕನ್ನಡದಲ್ಲಿ ಹೆಸರಿಡಬಹುದು, ಇಡಬೇಕು ಎಂಬುದು ನನ್ನ ಅಭಿಪ್ರಾಯ. ‘ಬಾಳೆಹಣ್ಣು’ ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ, ಹುಡುಕಿದರೆ ಸಿಗದು. ಕನ್ನಡದಲ್ಲಿ ಬರೆಯುವುದು ಒಂದೇ ಥರ.

ಆದರೆ ಬಹುತೇಕ ತಂತ್ರಾಂಶಗಳು ‘ಮೊದಲ ಒಂದು ಅಕ್ಷರ ತೆಗೆ’ ಎಂದರೆ ನಮ್ಮ ಅಕ್ಷರವನ್ನು ತೆಗೆಯುವುದಿಲ್ಲ, ಯೂನಿಕೋಡಿನ ಒಂದು ಸಂಕೇತವನ್ನು ತೆಗೆಯುತ್ತವೆ. ‘ಕ್ಷೇತ್ರ’ದಿಂದ ಒಂದು ತೆಗೆದರೆ ‘ಕ’ ಮಾತ್ರ ಹೋಗಿ, ಒಡೆಯನಿಲ್ಲದ ಅರ್ಧಾಕ್ಷರದ ಚಿಹ್ನೆ ಮುಂದೆ ನಿಲ್ಲುತ್ತದೆ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿಗೆ ಏಳು ಸಂಕೇತ. ಕನ್ನಡ ಹೆಸರಿರುವ ಕಡೆ ಎಣಿಕೆಯಿಂದ ಕತ್ತರಿಸುವ ಸೌಲಭ್ಯ ಬಳಸದೆ, ‘ಈ ಪದ ಹುಡುಕಿ ಆ ಪದ ಇಡು’ ಎಂಬುದನ್ನೇ ಬಳಸುವುದು ಒಳ್ಳೆಯದು.

ಹುಡುಕುವಾಗಲೂ ಕಣ್ಣಿಗೆ ಕಾಣದ ಒಂದು ಸಂಗತಿ ಇದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಒತ್ತಕ್ಷರವಾಗದಂತೆ ನಡುವೆ ಒಂದು ಅದೃಶ್ಯ ಸಂಕೇತ ಇರುತ್ತದೆ. ನೀವು ಆ ಸಂಕೇತವಿಲ್ಲದೆ ಬರೆದು ಹುಡುಕಿದರೆ ಕಣ್ಣೆದುರೇ ಇರುವ ಹೆಸರು ಸಿಗುವುದಿಲ್ಲ. ಹಾಗೆಯೇ ‘ಕೋ’ ಎಂಬ ಅಕ್ಷರದ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಅಲ್ಲಿಂದ ತಂದ ‘ಕೋಲಾಟ’ಕ್ಕೂ ವಿಂಡೋಸಿನಲ್ಲಿ ಬರೆದ ‘ಕೋಲಾಟ’ಕ್ಕೂ ನೋಟದಲ್ಲಿ ವ್ಯತ್ಯಾಸ ಇಲ್ಲ, ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ. ಇದಕ್ಕೊಂದು ಸುಲಭದ ಉಪಾಯವೆಂದರೆ, ಹುಡುಕಬೇಕಾದ ಪದವನ್ನು ಹೊಸದಾಗಿ ಬರೆಯದೆ ಫೈಲಿನ ಹೆಸರಿನಿಂದಲೇ ನಕಲು ಮಾಡಿ ಪೆಟ್ಟಿಗೆಗೆ ಹಾಕುವುದು.

ಉದ್ದದ ಮಿತಿಯೂ ನಮಗೆ ಬೇಗ ಮುಟ್ಟುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಸಂಕೇತ ಸಲ್ಲುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿ ಮಿತಿ 255 ಬೈಟ್, ಅಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದರೆ 85 ಸಂಕೇತಗಳಿಗೆ ಮುಗಿಯಿತು. ಒತ್ತಕ್ಷರ ಹೆಚ್ಚಿರುವ ಶೀರ್ಷಿಕೆ, ಲೇಖಕರ ಹೆಸರು, ಪ್ರಕಾಶಕರ ಹೆಸರು ಎಲ್ಲ ಸೇರಿಸಿದ ಪುಸ್ತಕದ ಫೈಲು ವಿಂಡೋಸಿನಲ್ಲಿ ಚೆನ್ನಾಗಿಯೇ ಇದ್ದು, ಲಿನಕ್ಸ್ ಆಧಾರಿತ ಸರ್ವರಿಗೆ ನಕಲು ಮಾಡುವಾಗ ನಿಂತುಬಿಡುವುದು ಇದರಿಂದ. ಹೆಸರು ಚಿಕ್ಕದಿರಲಿ. ದಿನಾಂಕ, ಕ್ರಮಸಂಖ್ಯೆಗಳನ್ನು 0ಯಿಂದ 9ರ ಅಂಕಿಗಳಲ್ಲೇ ಬರೆಯಿರಿ, ಏಕೆಂದರೆ ಎಲ್ಲ ತಂತ್ರಾಂಶಗಳೂ ಕನ್ನಡದ ಅಂಕಿಗಳನ್ನು ಸಂಖ್ಯೆಯೆಂದು ಗುರುತಿಸುವುದಿಲ್ಲ. ಪ್ರಶ್ನಾರ್ಥಕ, ಕೋಲನ್, ಓರೆಗೆರೆ, ಜೋಡಿ ಉದ್ಧರಣ ಚಿಹ್ನೆ ವಿಂಡೋಸಿನಲ್ಲಿ ಸಲ್ಲವು.

ಹೆಸರು ಬದಲಿಸಬಾರದ ಫೈಲುಗಳೂ ಇವೆ. ವಿಡಿಯೋ ಎಡಿಟಿಂಗ್ ಶುರುವಾದ ಮೇಲೆ ಮೂಲ ಫೈಲುಗಳ ಹೆಸರು ಬದಲಿಸಿದರೆ ಪ್ರಾಜೆಕ್ಟಿಗೆ ಅವು ಸಿಗುವುದಿಲ್ಲ. ಲೈಟ್‌ರೂಮ್ ಬಳಸುವವರು ಹೊರಗಿನಿಂದ ಬದಲಿಸದೆ ಅದರೊಳಗೇ ಬದಲಿಸಬೇಕು. ಲೆಕ್ಕಪತ್ರ ತಂತ್ರಾಂಶದ ಡೇಟಾ ಫೋಲ್ಡರನ್ನು ಮುಟ್ಟಲೇಬಾರದು. ಒಂದೇ ಚಿತ್ರದ ರಾ ಫೈಲು ಮತ್ತು ಜೆಪೆಗ್ ಜೋಡಿಯಾಗಿ ಇದ್ದರೆ ಎರಡಕ್ಕೂ ಒಂದೇ ಹೆಸರು ಹೋಗಬೇಕು. ಹೆಸರಿನ ಕೊನೆಯ ಚುಕ್ಕಿಯ ನಂತರದ ಭಾಗ ಫೈಲಿನ ಬಗೆ ಹೇಳುತ್ತದೆ, ಅದನ್ನು ಹಾಗೇ ಬಿಡಿ. ಜೆಪೆಗ್ ಇದ್ದಲ್ಲಿ ಪಿಡಿಎಫ್ ಎಂದು ಬರೆದ ಮಾತ್ರಕ್ಕೆ ಚಿತ್ರ ಪಿಡಿಎಫ್ ಆಗದು.

ತಂತ್ರಾಂಶವನ್ನು ನಂಬುವ ಮೊದಲು ಹತ್ತು ಫೈಲುಗಳ ಪ್ರತಿ ಮಾಡಿ ಬೇರೆ ಫೋಲ್ಡರಿನಲ್ಲಿಟ್ಟು ನೋಡಿ. ಅದರಲ್ಲಿ ಒತ್ತಕ್ಷರದ ಕನ್ನಡ ಹೆಸರಿನದು ಒಂದು, ಒಂದೇ ಸೆಕೆಂಡಿನಲ್ಲಿ ತೆಗೆದ ಎರಡು ಚಿತ್ರ, ಒಂದು ವಿಡಿಯೋ, ಒಂದು ವಾಟ್ಸ್‌ಆ್ಯಪ್ ಚಿತ್ರ ಇರಲಿ. ಬದಲಿಸಿ, ಹಿಂದಕ್ಕೆ ತನ್ನಿ. ತಂತ್ರಾಂಶ ಮುಚ್ಚಿ ಮತ್ತೆ ತೆರೆದ ಮೇಲೂ ಹಿಂದಕ್ಕೆ ತರಲು ಆಗುತ್ತದೆಯೇ ಎಂದೂ ನೋಡಿ, ಕೆಲವಕ್ಕೆ ಆಗುವುದಿಲ್ಲ.

ಶಾಲೆಗಳವರಿಗೆ ಒಂದು ಮಾತು. ಮುನ್ನೂರು ಮಕ್ಕಳ ಭಾವಚಿತ್ರಗಳಿಗೆ ದಾಖಲಾತಿ ಸಂಖ್ಯೆಯ ಹೆಸರಿಡಬೇಕಾದಾಗ ಎಕ್ಸೆಲ್ ಪಟ್ಟಿಯಿಂದಲೇ ಹೆಸರು ತರಬಹುದು. ಆದರೆ ಬರೀ ಹೊಸ ಹೆಸರುಗಳ ಪಟ್ಟಿ ಕೊಡಬೇಡಿ. ಆ ದಿನ ಒಬ್ಬ ಹುಡುಗಿ ಗೈರುಹಾಜರಾಗಿದ್ದರೂ ಅವಳ ನಂತರದ ಎಲ್ಲ ಮಕ್ಕಳ ಮುಖವೂ ಒಂದೊಂದು ಸ್ಥಾನ ಜಾರುತ್ತದೆ. ಒಂದು ಕಾಲಂನಲ್ಲಿ ಕ್ಯಾಮೆರಾ ಇಟ್ಟ ಹೆಸರು, ಪಕ್ಕದ ಕಾಲಂನಲ್ಲಿ ಹೊಸ ಹೆಸರು, ಹೀಗೆ ಜೋಡಿಯಾಗಿ ಬರೆದುಕೊಡಿ. ಬಲ್ಕ್ ರಿನೇಮ್ ಯುಟಿಲಿಟಿ ಇಂಥ ಜೋಡಿ ಪಟ್ಟಿಯನ್ನು ಓದುತ್ತದೆ. ಆ ಪಟ್ಟಿಯನ್ನು ಚಿತ್ರಗಳ ಜೊತೆಯಲ್ಲೇ ಇಟ್ಟರೆ, ಮುಂದಿನ ವರ್ಷ ಬರುವ ಗುಮಾಸ್ತರಿಗೂ ಯಾವ ಚಿತ್ರದ ಮೂಲ ಹೆಸರು ಯಾವುದಾಗಿತ್ತು ಎಂಬುದು ತಿಳಿಯುತ್ತದೆ.